ಸೊಳ್ಳೆ ಬ್ಯಾಟ್ ಬೋರ್ಡು, ಬೂದು ಟೇಪು: ನನ್ನ ಕೃತಕ ಸ್ನಾಯು ಅಲ್ಲಾಡುತ್ತಲೇ ಇಲ್ಲ

ಶಿರಸಿ_ಮೇಷ್ಟ್ರು:
ಶಿರಸಿ ಹತ್ತಿರ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ವಿಜ್ಞಾನ ಮೇಳಕ್ಕೆ ಈ ಸಲವೂ ಅಡುಗೆ ಸೋಡಾ ಜ್ವಾಲಾಮುಖಿ ಬೇಡ, ಕರೆಂಟಿಗೆ ಹಿಗ್ಗುವ ಕೃತಕ ಸ್ನಾಯು ಮಾಡೋಣ ಅಂತ ಮಕ್ಕಳಿಗೆ ಹೇಳಿಬಿಟ್ಟೆ. ಬಾಯಿ ಬಿಟ್ಟ ಮೇಲೆ ಮಾಡಲೇಬೇಕಲ್ಲ.

ತತ್ವ ಸುಲಭ. ಎಳೆದರೆ ಹಿಗ್ಗುವ ತೆಳು ಹಾಳೆ, ಎರಡೂ ಬದಿಗೆ ಇಂಗಾಲದ ಲೇಪ. ಒಂದು ಮೆತ್ತಗಿನ ಕೆಪಾಸಿಟರ್ ಅಷ್ಟೇ. ಕೆಲವು ಸಾವಿರ ವೋಲ್ಟ್ ಕೊಟ್ಟರೆ ಎರಡು ಲೇಪಗಳು ಒಂದನ್ನೊಂದು ಸೆಳೆಯುತ್ತವೆ, ನಡುವಿನ ಹಾಳೆ ಅಪ್ಪಚ್ಚಿಯಾಗಿ ಅಗಲವಾಗುತ್ತದೆ. ಕಪ್ಪುಹಲಗೆ ಮೇಲೆ ಚೆನ್ನಾಗಿಯೇ ಬಂತು.

ಮೇಜಿನ ಮೇಲೆ ಆದದ್ದು ಇದು. ಆನ್‌ಲೈನಲ್ಲಿ ವಿಎಚ್‌ಬಿ ಅನ್ನುವ ಅಕ್ರಿಲಿಕ್ ಅಂಟುಟೇಪ್ ತರಿಸಿದೆ. ಬೂದು ಬಣ್ಣ, 1.1 ಮಿ.ಮೀ. ದಪ್ಪ. ಎರಡೂ ದಿಕ್ಕಿಗೆ ಎರಡೂವರೆ ಪಟ್ಟು ಎಳೆದು ಚೌಕಟ್ಟಿಗೆ ಅಂಟಿಸಿದೆ. ಅದಕ್ಕಿಂತ ಜಾಸ್ತಿ ಎಳೆದರೆ ಹರಿಯುತ್ತದೆ. ಪೆನ್ಸಿಲ್ ಕಡ್ಡಿ ಕುಟ್ಟಿ, ವ್ಯಾಸಲೀನಿನಲ್ಲಿ ಕಲಸಿ ಬಳಿದೆ. ಹಳೇ ಸೊಳ್ಳೆ ಬ್ಯಾಟಿನ ಬೋರ್ಡ್ ಜೋಡಿಸಿದೆ. 2 ಕಿಲೋವೋಲ್ಟ್ ಇರಬೇಕು. 'ಇರಬೇಕು' ಯಾಕೆಂದರೆ, ಅಳೆಯಲು ಹೋಗಿ ಕಾಲೇಜಿನ ಮಲ್ಟಿಮೀಟರ್ ಸುಟ್ಟೆ. ಅದು 1000 ವೋಲ್ಟಿನದ್ದು. ಯಾರಿಗೂ ಹೇಳಬೇಡಿ.

ಕಪ್ಪು ವೃತ್ತ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಪ್ಲಸ್ ಮೈನಸ್ ಅದಲು ಬದಲು ಮಾಡಿದೆ, ಅದೇ ಕತೆ. ಮೂರನೇ ಸಲ ಒತ್ತಿದಾಗ ಚಟ್ ಅಂತ ಸದ್ದು, ಸುಟ್ಟ ವಾಸನೆ, ಸಾಸಿವೆ ಗಾತ್ರದ ತೂತು. ಎಲ್ಲಿ ಎಡವಿದೆ?

ಹೈವೋಲ್ಟ್_ಅಕ್ಕ:
ಟೇಪಿನಲ್ಲೇ ಎಡವಿದ್ದೀರಿ ಮೇಷ್ಟ್ರೇ. ಪಿಎಚ್‌ಡಿ ಮೊದಲ ವರ್ಷ ನಾನೂ ಒಂದು ರೋಲ್ ಬೂದು ಟೇಪ್ ಹಾಳು ಮಾಡಿದವಳೇ. ಅದು ಫೋಮು. ಒಳಗೆಲ್ಲ ಪುಟ್ಟ ಗುಳ್ಳೆಗಳು, ಕಿಡಿಗೆ ಅವೇ ದಾರಿ. ನಿಮಗೆ ಬೇಕಾದದ್ದು ವಿಎಚ್‌ಬಿ 4910. ನೀರಿನ ಹಾಗೆ ತಿಳಿ, 1 ಮಿ.ಮೀ. ದಪ್ಪ. 2000ದಲ್ಲಿ ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯ ಪೆಲ್ರಿನ್ ಮತ್ತು ಜೊತೆಗಾರರು ಶೇ. 100ಕ್ಕೂ ಜಾಸ್ತಿ ಹಿಗ್ಗಿಸಿ ತೋರಿಸಿದ್ದು ಈ ಅಂಟುಟೇಪನ್ನೇ.

ಈಗ ಲೆಕ್ಕ. ನಿಮ್ಮ ಟೇಪ್ ಎಳೆದ ಮೇಲೆ ಸುಮಾರು 176 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗವೇ ಮೈಕ್ರಾನ್). 2000 ವೋಲ್ಟ್ ಕೊಟ್ಟರೆ ಮೈಕ್ರಾನಿಗೆ 11 ವೋಲ್ಟ್ ಸಿಕ್ಕಿತು. 4910ನ್ನು ಎರಡೂ ದಿಕ್ಕಿಗೆ ನಾಲ್ಕು ಪಟ್ಟು ಎಳೆಯಿರಿ. ದಪ್ಪ ಹದಿನಾರನೇ ಒಂದು ಭಾಗ, 62.5 ಮೈಕ್ರಾನ್. 4000 ವೋಲ್ಟಿಗೆ ಮೈಕ್ರಾನಿಗೆ 64. ಹಿಂಡುವ ಒತ್ತಡ ಇದರ ವರ್ಗದ ಲೆಕ್ಕದಲ್ಲಿ ಏರುತ್ತದೆ, ಅಂದರೆ ಮೂವತ್ತು ಪಟ್ಟಿನ ಆಸುಪಾಸು ವ್ಯತ್ಯಾಸ. ಪ್ಲಸ್ ಮೈನಸ್ ಬದಲಿಸಿ ಏನೂ ಆಗದ್ದೂ ಅದಕ್ಕೇ. ಮೈನಸ್ಸಿನ ವರ್ಗವೂ ಪ್ಲಸ್ಸೇ ಅಲ್ವಾ?

ಎಳೆಯುವಾಗ ಅವಸರ ಬೇಡ. ಒಂದು ದಿಕ್ಕಿಗೆ ಒಂದಿಷ್ಟು, ಬಿಟ್ಟು, ಇನ್ನೊಂದು ದಿಕ್ಕಿಗೆ ಒಂದಿಷ್ಟು. ಒಂದು ಧೂಳಿನ ಕಣ ಕೂತರೂ ತೂತು ಬೀಳುವುದು ಅಲ್ಲೇ. ಲೇಪವನ್ನು ಅಂಚಿನ ತನಕ ಬಳಿಯಬೇಡಿ, ಸುತ್ತ ಒಂದು ಸೆಂಟಿಮೀಟರ್ ಬಿಡಿ. ನಿಮ್ಮೂರ ಜುಲೈ ತಿಂಗಳ ಗಾಳಿಯಲ್ಲಿ ಹಾಳೆ ಮೇಲೆ ತೇವ ಕೂತು ಕರೆಂಟು ಅದರ ಮೇಲೇ ಹರಿದುಹೋಗುತ್ತದೆ. ಒಣಗಿಸಿಯೇ ಜೋಡಿಸಿ.

ಸೊಳ್ಳೆ ಬ್ಯಾಟ್ ಬೋರ್ಡ್ ಮಕ್ಕಳ ಕೈಗೆ ಕೊಡಬೇಡಿ. ಸ್ವಿಚ್ ಬಿಟ್ಟ ಮೇಲೂ ಅದರ ಕೆಪಾಸಿಟರಿನಲ್ಲಿ ಚಾರ್ಜ್ ಇರುತ್ತದೆ. ಒಂದು ಮಿಲಿಆಂಪಿಯರಿಗಿಂತ ತುಂಬಾ ಕಡಿಮೆ ಕರೆಂಟ್ ಕೊಡುವ ಪುಟ್ಟ ಹೈವೋಲ್ಟೇಜ್ ಮಾಡ್ಯೂಲ್ ತೆಗೆದುಕೊಳ್ಳಿ. ಸರಣಿಯಲ್ಲಿ 1 ಮೆಗಾಓಮಿನ ಹತ್ತು ರೆಸಿಸ್ಟರ್ ಹಾಕಿ. ಒಂದೇ 10 ಮೆಗಾಓಮ್ ಹಾಕಿದರೆ ಸಾಮಾನ್ಯ ಕಾಲು ವ್ಯಾಟಿನದು ಅಷ್ಟು ವೋಲ್ಟೇಜ್ ತಡೆಯುವುದಿಲ್ಲ.

ಬ್ಯಾಟರಿ_ಬಾಲು:
ಇಷ್ಟೆಲ್ಲ ಕಿಲೋವೋಲ್ಟ್ ರಗಳೆ ಯಾಕೆ? ನಾಫಿಯಾನ್ ಅಂತ ಅಯಾನುಗಳು ಓಡಾಡುವ ಪ್ಲಾಸ್ಟಿಕ್ ಹಾಳೆ ಇದೆ, ಅದಕ್ಕೆ ಪ್ಲಾಟಿನಂ ಲೇಪಿಸಿದರೆ 3 ವೋಲ್ಟಿಗೇ ಬಗ್ಗುತ್ತದೆ.

ಹೈವೋಲ್ಟ್_ಅಕ್ಕ:
ಬಗ್ಗುತ್ತದೆ ನಿಜ. ಆದರೆ ಅದು ಒಳಗಿನ ಅಯಾನುಗಳು ನೀರನ್ನು ಎಳೆದುಕೊಂಡು ಓಡುವ ಆಟ. ಹಾಳೆ ಒಣಗಿದರೆ ಆಟ ಮುಗಿಯಿತು. ಬಲವೂ ಕಡಿಮೆ. ಪ್ಲಾಟಿನಂ ಬಿಲ್ಲನ್ನು ಮೇಷ್ಟ್ರ ಕಾಲೇಜು ಕಟ್ಟುತ್ತದಾ?

ಬಲ ಅಂದಾಗ ನೆನಪಾಯಿತು. 2005ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಪಾಲಿಮರ್ ಸ್ನಾಯುವಿನ ಮೂರು ತೋಳುಗಳಿಗೂ ಹದಿನೇಳು ವರ್ಷದ ಪನ್ನಾ ಫೆಲ್ಸನ್ ಅನ್ನುವ ಹುಡುಗಿಗೂ ಪಂಜಾ ಕುಸ್ತಿ ಇಟ್ಟಿದ್ದರು. ಮೂರನ್ನೂ ಮಲಗಿಸಿದಳು. ಜಾಸ್ತಿ ಹೊತ್ತು ತಡೆದ ತೋಳು 26 ಸೆಕೆಂಡ್ ನಿಂತಿತು. ಸ್ವಿಟ್ಜರ್ಲೆಂಡಿನ ಎಂಪಾ ಸಂಸ್ಥೆಯದ್ದು ನಿಮ್ಮದೇ ಜಾತಿಯ ಹಾಳೆಯನ್ನು ಸುರುಳಿ ಸುತ್ತಿ ಮಾಡಿದ್ದು, 4 ಸೆಕೆಂಡ್. ಮೇಳದಲ್ಲಿ ಯಾರಾದರೂ 'ಇಷ್ಟೇನಾ' ಅಂದರೆ ಇದನ್ನು ಹೇಳಿ.

ಶಿರಸಿ_ಮೇಷ್ಟ್ರು:
ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಅಲ್ಲಾಡಿತು!

ತಿಳಿ ಟೇಪ್ ಬಂತು. ಬಟ್ಟೆ ಕ್ಲಿಪ್ಪು ಸಿಕ್ಕಿಸಿ ನಾಲ್ಕು ಮಕ್ಕಳು ನಾಲ್ಕು ಕಡೆಯಿಂದ ಎಳೆದರು. ಎರಡು ಹಾಳೆ ಹರಿದವು, ಒಂದು ನನ್ನ ಗಡ್ಡಕ್ಕೆ ಅಂಟಿತು. ನಾಲ್ಕನೆಯದು ನಿಂತಿತು. ಪಕ್ಕದಲ್ಲಿ ಬಲ್ಬ್ ಉರಿಸಿ ಒಣಗಿಸಿದೆವು. ಕೆಳಗೆ ಗ್ರಾಫ್ ಹಾಳೆ ಇಟ್ಟು, ಮಾಡ್ಯೂಲನ್ನು 3.5 ಕಿಲೋವೋಲ್ಟಿಗೆ ಏರಿಸಿದರೆ 20 ಮಿ.ಮೀ. ಇದ್ದ ವೃತ್ತ 22 ದಾಟಿತು. ಹಿಂದಿನ ಬೆಂಚಿನ ಹುಡುಗ 'ಸಾರ್, ಉಸಿರಾಡ್ತಿದೆ' ಅಂದ. ಮಲ್ಟಿಮೀಟರ್ ವಿಷಯ ಪ್ರಿನ್ಸಿಪಾಲರಿಗೆ ಗೊತ್ತಾಗಿದೆ, ಅದು ಬೇರೆ ಮಾತು.

ಒಂದೇ ಅನುಮಾನ. ಸ್ವಿಚ್ ಬಿಟ್ಟರೆ ವೃತ್ತ ತಟ್ಟನೆ ಚಿಕ್ಕದಾಗುವುದಿಲ್ಲ. ಸೋಮಾರಿ ಹಾಗೆ ನಿಧಾನ ವಾಪಸ್ ಬರುತ್ತದೆ.

ಹೈವೋಲ್ಟ್_ಅಕ್ಕ:
ಶಭಾಷ್! ಅದಕ್ಕೆ ಎರಡು ಕಾರಣ. ಚಾರ್ಜ್ ಹೊರಗೆ ಹೋಗಲು ದಾರಿಯಿಲ್ಲ, ಪಿವಿಸಿ ಪೈಪಿನ ತುದಿಗೆ ರೆಸಿಸ್ಟರ್ ಕಟ್ಟಿ ಎರಡು ಲೇಪಗಳ ನಡುವೆ ಮುಟ್ಟಿಸಿ ನೋಡಿ. ಆಮೇಲೂ ನಿಧಾನವಾದರೆ ಅದು ಅಕ್ರಿಲಿಕ್ಕಿನ ಹುಟ್ಟುಗುಣ. ಅರ್ಧ ರಬ್ಬರ್, ಅರ್ಧ ಬೆಲ್ಲದ ಪಾಕ. ಚುರುಕು ಬೇಕಾದರೆ ಸಿಲಿಕೋನ್ ಹಾಳೆ ಹಾಕಬೇಕು, ಅದು ಹಿಗ್ಗುವುದು ಕಡಿಮೆ. ಮೇಳಕ್ಕೆ ಈ ಸೋಮಾರಿಯೇ ಇರಲಿ. ನೋಡುವವರಿಗೆ ಕಣ್ಣಿಗೆ ಕಾಣುವಷ್ಟು ಹೊತ್ತು ಸಿಗುತ್ತದೆ.