ಮಳೆಗಾಲದಲ್ಲಿ ಬಚ್ಚಲುಗುಂಡಿ ಉಕ್ಕುತ್ತದೆ, ಮೆಷಿನ್ ಹಾಕಿಸಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ತೀರ್ಥಹಳ್ಳಿ ಕಡೆಯ ಸಣ್ಣ ಊರು. 38 ಮನೆ, ಸುಮಾರು 160 ಜನ. ಮನೆಮನೆಗೂ ಬಚ್ಚಲುಗುಂಡಿ ತೋಡಿಸಿದ್ದೇವೆ. ಬೇಸಿಗೆಯಲ್ಲಿ ನೀರು ಚೆನ್ನಾಗಿ ಇಂಗುತ್ತದೆ. ಆರಿದ್ರಾ ಮಳೆ ಹಿಡಿಯಿತೋ, ಅಂಗಳಕ್ಕೇ ಉಕ್ಕುತ್ತದೆ. ಕೆಳಗಿನ ಮನೆಯವರ ಬಾವಿ ನೀರು ವಾಸನೆ ಬರುತ್ತಿದೆ. ಎಲ್ಲರದ್ದೂ ಒಂದು ಕಡೆ ಸೇರಿಸಿ ಶುದ್ಧ ಮಾಡುವ ಮೆಷಿನ್ ಹಾಕಿಸೋಣ ಅಂತ ಮಾತು ನಡೆದಿದೆ. ನೀವೇನು ಹೇಳುತ್ತೀರಿ?

ಉತ್ತರ (ಪರಿಸರ ಎಂಜಿನಿಯರ್): ನಮಸ್ಕಾರ ಮೇಡಂ. ಕೆಳಗಿನ ಮನೆಯವರಿಗೆ ಇವತ್ತೇ ಹೇಳಿ, ಆ ಬಾವಿ ನೀರು ಕುಡಿಯುವುದು ಬೇಡ.

ಮೆಷಿನ್ ಬೇಡ. ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾಗಳಿಗೆ ಗಾಳಿ ಊದುವುದಕ್ಕೆ ಅದಕ್ಕೆ ಸದಾ ಕರೆಂಟ್ ಬೇಕು. ಮರ ಬಿದ್ದು ಎರಡು ದಿನ ಕರೆಂಟ್ ಹೋದರೆ ಒಳಗಿನ ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತವೆ.

ಒಂದು ಲೆಕ್ಕ ನೋಡಿ. ಜಲ ಜೀವನ್ ಮಿಷನ್ ಪ್ರಕಾರ ತಲೆಗೆ ದಿನಕ್ಕೆ 55 ಲೀಟರ್. ನಿಮ್ಮೂರಿಗೆ 8,800. ಅದರಲ್ಲಿ ಹೊರಗೆ ಬರುವುದು ಹತ್ತಿರ ಹತ್ತಿರ 7,000 ಲೀಟರ್. ಇನ್ನು 100 ಚದರ ಮೀಟರ್ ಮಾಡಿನ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್! ಒಂದೇ ಮನೆಯ ಮಾಡಿನ ನೀರು ಇಡೀ ಊರಿನ ಬಚ್ಚಲು ನೀರಿಗಿಂತ ಜಾಸ್ತಿ. ಹಾಗಾಗಿ ಮೊದಲ ಕೆಲಸ, ಮಳೆನೀರು ಬಚ್ಚಲು ಪೈಪಿಗೆ ಸೇರದ ಹಾಗೆ ಬೇರೆ ಚರಂಡಿ ಮಾಡಿ.

ಇಂಗುಗುಂಡಿ ಮಳೆಗಾಲದಲ್ಲಿ ಸೋಲುವುದು ನಿಮ್ಮ ತಪ್ಪಲ್ಲ. ಬಾವಿ ನೀರು ಕೈಗೆಟುಕುವಷ್ಟು ಮೇಲೆ ಬಂದಾಗ ಗುಂಡಿಯ ತಳವೂ ಅದೇ ನೀರಲ್ಲಿ ಮುಳುಗಿರುತ್ತದೆ. ಜಂಬಿಟ್ಟಿಗೆ ಕಲ್ಲಿನ ಸಂದುಗಳಲ್ಲಿ ಕೊಳೆ ಬೇಗ ಬಾವಿಗೆ ಹರಿಯುತ್ತದೆ.

ನಿಮಗೆ ಹೊಂದುವುದು ಜಲ್ಲಿ ಹಾಸು, ಅಂದರೆ ಜಲ್ಲಿ ಮತ್ತು ಗಿಡದ ಬೇರುಗಳ ನಡುವೆ ಹರಿಯುತ್ತಾ ನೀರು ಶುದ್ಧವಾಗುವ ವ್ಯವಸ್ಥೆ. ತಳಕ್ಕೆ ನೀರು ಸೋರದ ದಪ್ಪ ಹಾಳೆ, ಅದರ ಮೇಲೆ ಎರಡು ಅಡಿ ಜಲ್ಲಿ, ಅದರಲ್ಲಿ ಕಾಬಾಳೆ ಮತ್ತು ಆಪು (ಜೊಂಡು) ಗಿಡ. ನೀರು ಜಲ್ಲಿಯ ಒಳಗೇ ಹರಿಯಬೇಕು, ಮೇಲೆ ಕಾಣಬಾರದು. ಆಗ ಸೊಳ್ಳೆಯೂ ಇಲ್ಲ. ತಲೆಗೆ ಒಂದು ಚದರ ಮೀಟರ್ ಹಿಡಿದರೆ ಒಂದೂವರೆ ಗುಂಟೆಗಿಂತ ಸ್ವಲ್ಪ ಜಾಸ್ತಿ ಜಾಗ ಸಾಕು. ಹೊರಬಂದ ನೀರನ್ನು ಅಡಿಕೆ, ಬಾಳೆಗೆ ಬಿಡಿ. ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡ. ಶೌಚಾಲಯದ ನೀರನ್ನು ಇದಕ್ಕೆ ಸೇರಿಸಬೇಡಿ, ಅದರ ಲೆಕ್ಕವೇ ಬೇರೆ.

ನೀರು ಜಲ್ಲಿ ಹಾಸನ್ನು ಸೇರುವ ಮುಂಚೆ ಕೆಸರು, ಜಿಡ್ಡು ನಿಲ್ಲುವ ತೊಟ್ಟಿ ಇರಲೇಬೇಕು. ನಾನು ಮಾಡಿಸಿದ ಮೊದಲ ಹಾಸು ಕಟ್ಟಿಕೊಂಡಿದ್ದು ಈ ತೊಟ್ಟಿಯಿಂದಲೇ. ಮುಚ್ಚಳ ತೆಗೆದರೆ ಅನ್ನದ ಅಗುಳು, ಕೂದಲು, ತೆಂಗಿನ ನಾರು, ಮೇಲೊಂದು ಬೆರಳು ದಪ್ಪ ಬಿಳಿ ಜಿಡ್ಡಿನ ಕೆನೆ. ಆರು ತಿಂಗಳು ಯಾರೂ ಮುಟ್ಟಿರಲಿಲ್ಲ. ಅದನ್ನು ತೆಗೆಯುವವರು ಯಾರು, ಅವರಿಗೆ ಕೂಲಿ ಯಾರು ಕೊಡುತ್ತಾರೆ ಅಂತ ಜಲ್ಲಿ ತರಿಸುವ ಮೊದಲೇ ತೀರ್ಮಾನ ಮಾಡಿ. ಗ್ಲೌಸ್, ಬೂಟು ಕೊಡಿಸಿ. ತೊಟ್ಟಿ ಒಳಗೆ ಯಾರನ್ನೂ ಇಳಿಸಬೇಡಿ.

ಈ ಗುಂಪಿನ ಮತ್ತೊಬ್ಬ ಸದಸ್ಯರು: ಸರ್, ಅಡಿಕೆ ಬೇಯಿಸಿದ ಚೊಗರನ್ನು ಇದೇ ಪೈಪಿಗೆ ಬಿಡಬಹುದಾ? ಸುಗ್ಗಿಯಲ್ಲಿ ಎಲ್ಲರೂ ಚರಂಡಿಗೇ ಚೆಲ್ಲುತ್ತಾರೆ.

ಉತ್ತರ: ಬೇಡವೇ ಬೇಡ. ಚೊಗರಿನಲ್ಲಿ ಟ್ಯಾನಿನ್ ಎಂಬ ಒಗರಿನ ಅಂಶ ಜಾಸ್ತಿ. ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾಗಳಿಗೆ ಅದು ಆಗುವುದಿಲ್ಲ. ಹಳ್ಳಕ್ಕೂ ಚೆಲ್ಲಬೇಡಿ. ಬೇರೆ ಡ್ರಮ್ಮಿನಲ್ಲಿ ಇಟ್ಟುಕೊಳ್ಳಿ, ಬಣ್ಣಕ್ಕೆ ಕೊಳ್ಳುವವರಿದ್ದಾರೆ.

ಪ್ರಶ್ನೆ ಕೇಳಿದವರು: ಜಾಗ ಇದೆ ಸರ್, ಊರಿನ ಕೆಳಗೆ, ಗದ್ದೆ ಬದುವಿನ ಹತ್ತಿರ.

ಉತ್ತರ: ಅಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುತ್ತದಾ ನೋಡಿ. ನಿಂತರೆ ಹಾಸನ್ನು ನೆಲದಿಂದ ಎತ್ತರಿಸಿ ಕಟ್ಟಬೇಕು. ಆಷಾಢದಲ್ಲಿ ಹತ್ತಿರದ ಎರಡು ಬಾವಿಗೆ ಹಗ್ಗ ಬಿಟ್ಟು, ನೀರು ನೆಲದಿಂದ ಎಷ್ಟು ಅಡಿ ಕೆಳಗಿದೆ ಅಂತ ಅಳೆದು ಇಲ್ಲೇ ಹಾಕಿ. ಎಷ್ಟು ಎತ್ತರ ಬೇಕು ಅಂತ ಆಗ ಹೇಳುತ್ತೇನೆ.