ಪೋಸ್ಟರ್ ಹಚ್ಚಿಯಾಯಿತು, ಬುಟ್ಟಿ ಇಟ್ಟಾಯಿತು: ಕಚೇರಿಯಲ್ಲಿ ಪರಿಸರಸ್ನೇಹಿ ಅಭ್ಯಾಸ ಉಳಿಯುತ್ತಿಲ್ಲ ಯಾಕೆ?

ಎರಡನೇ_ಮಹಡಿ
ಎಲ್ಲರಿಗೂ ನಮಸ್ಕಾರ. ಸುಮಾರು 200 ಜನ ಕೆಲಸ ಮಾಡುವ ಕಚೇರಿಯಲ್ಲಿ ಆಡಳಿತ ವಿಭಾಗ ನೋಡಿಕೊಳ್ಳುತ್ತೇನೆ. ಆರು ತಿಂಗಳ ಹಿಂದೆ ಬಹಳ ಆಸೆಯಿಂದ ಈ ಕೆಲಸಕ್ಕೆ ಕೈಹಾಕಿದೆ. ಗೋಡೆಗೆ ಪೋಸ್ಟರ್ ಹಚ್ಚಿಸಿದೆ. ಹಸಿ ಕಸಕ್ಕೊಂದು, ಒಣ ಕಸಕ್ಕೊಂದು ಬುಟ್ಟಿ ಇಡಿಸಿದೆ. ಪೇಪರ್ ಕಪ್ ಬಿಡಿ ಎಂದು ಕೇಳಿಕೊಂಡು ಎಲ್ಲರಿಗೂ ಒಂದೊಂದು ಸ್ಟೀಲ್ ಲೋಟ ಕೊಟ್ಟೆ. ಮೊದಲ ತಿಂಗಳು ಎಲ್ಲರೂ ಉತ್ಸಾಹದಿಂದ ಮಾಡಿದರು. ಈಗ ಲೋಟಗಳಲ್ಲಿ ಪೆನ್ನು ನಿಂತಿವೆ, ಎರಡೂ ಬುಟ್ಟಿಯಲ್ಲಿ ಒಂದೇ ಥರದ ಕಸ. ರಾತ್ರಿ ಎಂಟಕ್ಕೆ ಹೋಗಿ ನೋಡಿದರೆ ಖಾಲಿ ಕುರ್ಚಿಗಳ ಮುಂದೆ ಮಾನಿಟರ್‌ಗಳು ಉರಿಯುತ್ತಿರುತ್ತವೆ. ಮೇಲಿನವರು ಎರಡು ದಾರಿ ಹೇಳಿದ್ದಾರೆ: ಪಾಲಿಸಿದವರಿಗೆ ಬಹುಮಾನ, ಇಲ್ಲವೇ ಪಾಲಿಸದವರಿಗೆ ದಂಡ. ಯಾವುದನ್ನು ಹಿಡಿಯಲಿ? ನಿಜವಾಗಿ ಮಾಡಿ ನೋಡಿದವರು ಹೇಳಿ.

ಹಳೇ_ಮ್ಯಾನೇಜರ್
ದಂಡ. ಮೂವತ್ತು ವರ್ಷ ಜನರಿಂದ ಕೆಲಸ ತೆಗೆಸಿದ ಅನುಭವದಿಂದ ಹೇಳುತ್ತಿದ್ದೇನೆ. ಸೀಟ್ ಬೆಲ್ಟ್ ಹಾಕಿಕೊಳ್ಳಿ ಎಂದು ವರ್ಷಗಟ್ಟಲೆ ಬುದ್ಧಿ ಹೇಳಿದರೂ ಹಾಕಿಕೊಳ್ಳದವರು ದಂಡ ಬಂದ ಮೇಲೆ ಹಾಕಿಕೊಂಡರು. ಮಾನಿಟರ್ ಆರಿಸದೆ ಹೋದರೆ ಹೆಸರು ಬರೆದುಕೊಳ್ಳಿ, ಮೂರು ಸಲ ಆದರೆ ದಂಡ ಹಾಕಿ. ಒಂದು ತಿಂಗಳಲ್ಲಿ ಸರಿಹೋಗುತ್ತದೆ.

ಮನಸ್ಸಿನ_ಪಾಠ
ಸರ್, ಒಪ್ಪುವುದು ಕಷ್ಟ. ನಾನು ಮನೋವಿಜ್ಞಾನ ಪಾಠ ಮಾಡುವವಳು. ದಂಡದ ಬಗ್ಗೆ ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹೇಳುವ ಒಂದು ಪ್ರಯೋಗವಿದೆ. ಇಸ್ರೇಲ್‌ನ ಹೈಫಾದಲ್ಲಿ ಮಕ್ಕಳನ್ನು ನೋಡಿಕೊಳ್ಳುವ 10 ಕೇಂದ್ರಗಳನ್ನು ಗ್ನೀಜಿ ಮತ್ತು ರುಸ್ತಿಚಿನಿ ಎಂಬ ಅರ್ಥಶಾಸ್ತ್ರಜ್ಞರು ಗಮನಿಸಿದರು. ಸಂಜೆ ಮಗುವನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗೆ 6 ಕೇಂದ್ರಗಳಲ್ಲಿ ಸಣ್ಣ ದಂಡ ಹಾಕಿದರು. ತಡವಾಗಿ ಬರುವುದು ಕಡಿಮೆಯಾಗಲಿಲ್ಲ, ಹೆಚ್ಚಾಯಿತು, ಹೆಚ್ಚುಕಡಿಮೆ ಎರಡರಷ್ಟಾಯಿತು. ಮುಂಚೆ 'ಟೀಚರ್ ಕಾಯುತ್ತಿರುತ್ತಾರೆ, ಪಾಪ' ಎನ್ನುವ ಸಂಕೋಚವಿತ್ತು. ದುಡ್ಡು ಕೊಟ್ಟ ಮೇಲೆ ಆ ಸಂಕೋಚವೂ ತೀರಿತು. ಆಮೇಲೆ ದಂಡ ತೆಗೆದುಹಾಕಿದರೂ ಅವರು ಮೊದಲಿನಂತೆ ಆಗಲಿಲ್ಲ. 2000ರಲ್ಲಿ ಪ್ರಕಟವಾದ ಅಧ್ಯಯನ ಇದು. ಕಚೇರಿಯಲ್ಲೂ ಹಾಗೇ ಆದೀತು. 'ದಂಡ ಕಟ್ಟಿದ್ದೀನಲ್ಲ, ಉರಿಯಲಿ ಬಿಡಿ' ಅಂತ.

ಲೆಕ್ಕದವಳು
ಹಾಗಂತ ದುಡ್ಡಿನ ದಾರಿಯನ್ನೇ ಮುಚ್ಚಬೇಡಿ. ಕಾರ್ಡಿಫ್ ವಿಶ್ವವಿದ್ಯಾಲಯದವರು ಕಾಫಿ ಕಪ್‌ಗಳ ಮೇಲೆ ಮಾಡಿದ ಪ್ರಯೋಗ 2018ರಲ್ಲಿ ಪ್ರಕಟವಾಗಿದೆ. ಸ್ವಂತ ಲೋಟ ತಂದವರಿಗೆ ರಿಯಾಯಿತಿ ಕೊಟ್ಟರೆ ಏನೂ ಬದಲಾಗಲಿಲ್ಲ. ಬಿಸಾಡುವ ಕಪ್ಪಿಗೆ ಪ್ರತ್ಯೇಕವಾಗಿ ದುಡ್ಡು ಕೇಳಿದರೆ ಸ್ವಂತ ಲೋಟದ ಬಳಕೆ ಹೆಚ್ಚಿತು. ಕೈಗೆ ಬರುವುದಕ್ಕಿಂತ ಕೈಬಿಟ್ಟು ಹೋಗುವುದು ಮನಸ್ಸಿಗೆ ಜಾಸ್ತಿ ತಾಗುತ್ತದೆ. ಇಲ್ಲಿ ಯಾರ ಹೆಸರನ್ನೂ ಬರೆದುಕೊಳ್ಳುವುದಿಲ್ಲ, ಯಾರಿಗೂ ಅವಮಾನವಿಲ್ಲ. ಕಪ್ ತೆಗೆದುಕೊಳ್ಳುವ ಆ ಕ್ಷಣದಲ್ಲೇ ಅದಕ್ಕೊಂದು ಬೆಲೆ ಕಾಣುತ್ತದೆ, ಅಷ್ಟೇ. ತಿಂಗಳ ಕೊನೆಯಲ್ಲಿ ಹಾಕುವ ದಂಡವೇ ಬೇರೆ.

ಆದರೆ ನನ್ನ ಕೇಳಿದರೆ ಬಹುಮಾನವೂ ಬೇಡ, ದಂಡವೂ ಬೇಡ, ಮೊದಲು ಪ್ರಿಂಟರ್ ಸೆಟ್ಟಿಂಗ್ ಬದಲಿಸಿ. ಸ್ವೀಡನ್ನಿನ ಒಂದು ವಿಶ್ವವಿದ್ಯಾಲಯದಲ್ಲಿ ಕಾಗದ ಉಳಿಸಿ ಎಂದು ಸಿಬ್ಬಂದಿಯನ್ನು ಕೇಳಿಕೊಂಡಾಗ ಏನೂ ಆಗಲಿಲ್ಲ. ಎರಡೂ ಬದಿ ಮುದ್ರಿಸುವುದನ್ನೇ ಮೊದಲ ಆಯ್ಕೆಯಾಗಿ ಇಟ್ಟಾಗ ಕಾಗದದ ಬಳಕೆ 15%ರಷ್ಟು ಇಳಿಯಿತು. ಬೇಕಾದವರು ಒಂದೇ ಬದಿಗೆ ಬದಲಿಸಿಕೊಳ್ಳಬಹುದಿತ್ತು, ಯಾರನ್ನೂ ತಡೆದಿರಲಿಲ್ಲ. ನಿಮ್ಮ ಮಾನಿಟರ್ ಸಮಸ್ಯೆಯೂ ಅಷ್ಟೇ. ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ಸ್ಲೀಪ್‌ಗೆ ಹೋಗುವಂತೆ ಐಟಿಯವರು ಒಂದೇ ಸಲಕ್ಕೆ ಎಲ್ಲ ಯಂತ್ರಗಳಿಗೂ ಹಾಕಿಕೊಡುತ್ತಾರೆ. ಸ್ಕ್ರೀನ್ ಸೇವರ್ ಅಲ್ಲ, ಸ್ಲೀಪ್. ಸೇವರ್ ಓಡುವಾಗ ಪರದೆ ಉರಿಯುತ್ತಲೇ ಇರುತ್ತದೆ.

ಸೈಕಲ್_ಸವಾರ
ಕಪ್, ಕಾಗದ ಎಲ್ಲ ಸರಿ. ಆದರೆ 200 ಜನ ದಿನಾ ಹೇಗೆ ಬರುತ್ತಾರೆ ಎಂದು ಯಾರೂ ಕೇಳಲಿಲ್ಲವಲ್ಲ? ಸಂಸ್ಥೆಗಳು ತಮ್ಮಿಂದಾಗುವ ಹಸಿರುಮನೆ ಅನಿಲಗಳ ಲೆಕ್ಕ ಹಾಕಲು ಬಳಸುವ ಜಿಎಚ್‌ಜಿ ಪ್ರೋಟೋಕಾಲ್ ಎಂಬ ನಿಯಮಾವಳಿಯಲ್ಲಿ, ಪರೋಕ್ಷ ಹೊರಸೂಸುವಿಕೆಯ ಭಾಗದಲ್ಲಿ, ನೌಕರರ ಓಡಾಟಕ್ಕೆಂದೇ ಒಂದು ವಿಭಾಗವಿದೆ. ಕಚೇರಿ ಪಾರ್ಕಿಂಗ್ ಉಚಿತವಾಗಿ ಕೊಡುತ್ತದೆ ಎಂದರೆ ಕಾರಿನಲ್ಲಿ ಬನ್ನಿ ಎಂದು ದುಡ್ಡು ಕೊಟ್ಟು ಕರೆದಂತೆ. ಪಾರ್ಕಿಂಗ್ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ಇದನ್ನೇ ಹೇಳುತ್ತ ಬಂದವರು. ಪಾರ್ಕಿಂಗ್ ಜಾಗ ಬೇಡ ಎಂದವರಿಗೆ ಅದರ ಬಾಬ್ತನ್ನು ನಗದಾಗಿ ಕೊಡಬೇಕೆಂದು ಕ್ಯಾಲಿಫೋರ್ನಿಯಾದಲ್ಲಿ 1992ರಲ್ಲಿ ಕಾನೂನು ಬಂತು. ಹಾಗೆ ಮಾಡಿದ 8 ಸಂಸ್ಥೆಗಳನ್ನು ಶೂಪ್ ನೋಡಿದಾಗ ಒಬ್ಬರೇ ಕಾರಿನಲ್ಲಿ ಬರುವವರ ಪಾಲು 76%ರಿಂದ 63%ಕ್ಕೆ ಇಳಿದಿತ್ತು. ಯಾರಿಗೂ ಭಾಷಣ ಮಾಡಿರಲಿಲ್ಲ.

ನಾನು ಸೈಕಲ್‌ನಲ್ಲಿ ಹೋಗುತ್ತೇನೆ. ನಮ್ಮ ಕಚೇರಿಯಲ್ಲಿ ಜತೆಗೆ ಬರಲು ಮನಸ್ಸಿರುವವರು ಹತ್ತಾರು ಜನ ಇದ್ದಾರೆ. ಬೆವರು ತೊಳೆದುಕೊಳ್ಳಲು ಒಂದು ಬಚ್ಚಲಿಲ್ಲ, ಬಟ್ಟೆ ಬದಲಿಸಲು ಜಾಗವಿಲ್ಲ. ಪ್ರೇರಣೆ ಬೇಕಾದಷ್ಟಿದೆ, ನಲ್ಲಿ ಇಲ್ಲ.

ಬೆಳಗಿನ_ಪಾಳಿ
ನಾನು ಇಲ್ಲಿ ಓದುವುದೇ ಹೆಚ್ಚು, ಬರೆಯುವುದು ಅಪರೂಪ. ಹೌಸ್‌ಕೀಪಿಂಗ್ ಸೂಪರ್‌ವೈಸರ್ ನಾನು. ನೀವೆಲ್ಲ ಹೇಳುವ 'ನೌಕರರು' ಅನ್ನೋದರಲ್ಲಿ ನಾವು ಇದ್ದೇವೋ ಇಲ್ಲವೋ ಗೊತ್ತಿಲ್ಲ, ಅದಕ್ಕೇ ಬರೀತಿದ್ದೇನೆ.

ಹಿಂದೆ ಕೆಲಸ ಮಾಡಿದ ಒಂದು ಜಾಗದಲ್ಲಿ ನಿಮ್ಮ ಹಾಗೇ ಎರಡು ಬಣ್ಣದ ಬುಟ್ಟಿ ಇಟ್ಟರು. ಮೇಲಿನವರೆಲ್ಲ ನಿಂತು ಫೋಟೋ ತೆಗೆಸಿಕೊಂಡರು. ನಮ್ಮನ್ನು ಕರೆದು ಏನೂ ಹೇಳಲಿಲ್ಲ. ನಮಗೆ ಕೊಟ್ಟಿದ್ದು ಒಂದೇ ತಳ್ಳುಗಾಡಿ, ಒಂದೇ ಅಳತೆಯ ಕಪ್ಪು ಚೀಲ. ಸಂಜೆ ಎರಡೂ ಬುಟ್ಟಿ ಆ ಒಂದೇ ಗಾಡಿಗೆ ಸುರಿಯಬೇಕು, ಬೇರೆ ದಾರಿ ಇರಲಿಲ್ಲ. ನಾನು ಕೇಳಿದೆ, ಎರಡನೇ ಗಾಡಿ ಕೊಡಿ ಅಂತ. ಬಜೆಟ್ ಇಲ್ಲ ಅಂದರು. ಒಂದು ದಿನ ತಡವಾಗಿ ಕೂತಿದ್ದ ಹುಡುಗಿಯೊಬ್ಬಳು ನಮ್ಮವರು ಎರಡನ್ನೂ ಒಟ್ಟಿಗೆ ಸುರಿಯೋದನ್ನು ನೋಡಿದಳು. ದಿನಾ ಡಬ್ಬಿ ತೊಳೆದು ಒಣ ಬುಟ್ಟಿಗೆ ಹಾಕುತ್ತಿದ್ದವಳು ಅವಳು. ಏನೂ ಅನ್ನಲಿಲ್ಲ, ಮುಖ ಮಾತ್ರ ಸಪ್ಪಗಾಯಿತು. ಮಾರನೇ ದಿನದಿಂದ ತೊಳೆಯೋದು ಬಿಟ್ಟಳು. ವಾರ ಕಳೆಯೋದರೊಳಗೆ ಇಡೀ ಮಹಡಿಗೆ ಗೊತ್ತಾಯಿತು. ಆಮೇಲೆ ಮೇಲಿನವರು 'ಜನಕ್ಕೆ ಕಾಳಜಿ ಇಲ್ಲ' ಅಂದರು. ಕಾಳಜಿ ಇತ್ತು. ನಾನು ಕಣ್ಣಾರೆ ನೋಡಿದ್ದೇನೆ.

ಇನ್ನೊಂದು. ಪೇಪರ್ ಕಪ್ ಒಣ ಕಸಕ್ಕೆ ಹಾಕಿದರೆ ಕಾಗದದ ಜತೆ ಹೋಗುತ್ತೆ ಅಂತ ಎಲ್ಲರೂ ತಿಳಿದಿದ್ದಾರೆ. ಅದರ ಒಳಗಡೆ ತೆಳ್ಳಗೆ ಪ್ಲಾಸ್ಟಿಕ್ ಪದರ ಇರುತ್ತೆ, ಸಾಮಾನ್ಯ ಹಳೇ ಕಾಗದದವರು ಮುಟ್ಟೋದಿಲ್ಲ. ಅರ್ಧ ಕಾಫಿ ಉಳಿಸಿ ಒಣ ಬುಟ್ಟಿಗೆ ಹಾಕಿದರೆ ಅದರಲ್ಲಿರೋ ಒಳ್ಳೆ ಕಾಗದವೂ ಕೆಟ್ಟಿತು. ಇದನ್ನು ಯಾವ ಪೋಸ್ಟರ್‌ನಲ್ಲೂ ಬರೆದಿರೋದು ನಾನು ಕಂಡಿಲ್ಲ. ನಮ್ಮನ್ನು ಕೇಳಿದ್ದರೆ ಹೇಳುತ್ತಿದ್ದೆವು.

ಲೆಕ್ಕದವಳು
ಇದನ್ನು ಮೊದಲೇ ಯೋಚಿಸಬೇಕಿತ್ತು. ಸೆಟ್ಟಿಂಗ್ ಬದಲಿಸಿದರೆ ಸಾಕು ಎಂದು ನಾನು ಬರೆದದ್ದು ಪ್ರಿಂಟರ್‌ಗೆ ಹೊಂದುತ್ತದೆ, ಕಸಕ್ಕೆ ಹೊಂದುವುದಿಲ್ಲ. ಕಸ ಬುಟ್ಟಿಯಲ್ಲಿ ಮುಗಿಯುವುದಿಲ್ಲವಲ್ಲ.

ಮನಸ್ಸಿನ_ಪಾಠ
ಆ ಹುಡುಗಿಯ ವಿಷಯ ಓದಿ ಸಂಕಟವಾಯಿತು. ತಾನು ಮಾಡಿದ್ದು ಎಲ್ಲಿಗೋ ತಲುಪುತ್ತದೆ ಎಂಬ ನಂಬಿಕೆ ಹೋದರೆ ಇನ್ಯಾವ ಬಹುಮಾನವೂ ಅದನ್ನು ವಾಪಸ್ ತರುವುದಿಲ್ಲ. ಹಾಗಾಗಿ ಫಲಿತಾಂಶ ಕಣ್ಣಿಗೆ ಬೀಳಬೇಕು. ಅಮೆರಿಕದ ಒಂದು ವಿಶ್ವವಿದ್ಯಾಲಯದ ಕಟ್ಟಡಗಳಲ್ಲಿ ಕ್ಯಾರಿಕೋ ಮತ್ತು ರೀಮರ್ ಎಂಬ ಸಂಶೋಧಕರು ಸಿಬ್ಬಂದಿಗೆ ತಮ್ಮ ಕಟ್ಟಡದ ವಿದ್ಯುತ್ ಬಳಕೆಯನ್ನು ತಿಂಗಳು ತಿಂಗಳು ತಿಳಿಸಿದರು. ಬಳಕೆ 7% ಇಳಿಯಿತು. ಇನ್ನು ಕೆಲವು ಕಟ್ಟಡಗಳಲ್ಲಿ ಸಹೋದ್ಯೋಗಿಯೊಬ್ಬರೇ ಜತೆಗಿದ್ದು ಹೇಳಿಕೊಡುತ್ತಿದ್ದರು. ಅಲ್ಲಿ 4% ಇಳಿಯಿತು. ಬರೀ ಮಾಹಿತಿ ಕೊಟ್ಟು ಸುಮ್ಮನಾದ ಕಡೆ 4% ಏರಿತು.

ಒಂದು ಎಚ್ಚರಿಕೆ. ಸರಾಸರಿ ಎಷ್ಟು ಎಂದು ಬರೆದು ಹಾಕಬೇಡಿ. ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕಸ್‌ನಲ್ಲಿ ಮನೆಗಳಿಗೆ ನೆರೆಹೊರೆಯ ಸರಾಸರಿ ತಿಳಿಸಿದಾಗ ಜಾಸ್ತಿ ಬಳಸುವವರು ಇಳಿಸಿದರು, ಕಡಿಮೆ ಬಳಸುತ್ತಿದ್ದವರು ಸರಾಸರಿಯತ್ತ ಏರಿಸಿಬಿಟ್ಟರು. ಸಂಖ್ಯೆಯ ಪಕ್ಕ ಒಂದು ನಗುಮುಖ ಬರೆದಾಗ ಆ ಏರಿಕೆ ನಿಂತಿತು. 2007ರಲ್ಲಿ ಪ್ರಕಟವಾದದ್ದು. ಚೆನ್ನಾಗಿ ಮಾಡುತ್ತಿರುವವರಿಗೆ 'ಮೆಚ್ಚಿದ್ದೇವೆ' ಎಂದು ಹೇಳಲೇಬೇಕು.

ಹಳೇ_ಮ್ಯಾನೇಜರ್
ನನ್ನ ಮೊದಲ ಮಾತನ್ನು ಅರ್ಧ ಹಿಂತೆಗೆದುಕೊಳ್ಳುತ್ತೇನೆ. ಬೆಳಗಿನ ಪಾಳಿಯವರು ಬರೆದದ್ದನ್ನು ಓದಿದ ಮೇಲೆ ನನ್ನ ಕಚೇರಿ ನೆನಪಾಯಿತು. ನಾನು ದಿನಾ ಕೋಟು ಹಾಕಿಕೊಂಡು ಹೋಗುತ್ತಿದ್ದೆ, ಎಸಿ 20ಕ್ಕೆ ಇಡಿಸುತ್ತಿದ್ದೆ. ಇಡೀ ಹಾಲ್ ಸ್ವೆಟರ್ ಹಾಕಿಕೊಂಡು ಕೂರುತ್ತಿತ್ತು, ಒಬ್ಬರೂ ಬಾಯಿ ಬಿಡಲಿಲ್ಲ. ಅವರಿಗೆ ನಾನು ವಿದ್ಯುತ್ ಉಳಿಸುವ ಸುತ್ತೋಲೆ ಕಳಿಸುತ್ತಿದ್ದೆ. ಜಪಾನ್ ಸರ್ಕಾರ 2005ರಲ್ಲಿ ಕೂಲ್ ಬಿಜ್ ಎಂದು ಶುರುಮಾಡಿದಾಗ ಬೇಸಿಗೆಯಲ್ಲಿ ಎಸಿ 28 ಡಿಗ್ರಿಗೆ ಇಡಿ ಎಂದಷ್ಟೇ ಹೇಳಲಿಲ್ಲ, ಕೋಟು ಟೈ ಬಿಟ್ಟು ಬನ್ನಿ ಎಂದೂ ಹೇಳಿತು. ಮಂತ್ರಿಗಳೇ ಟೈ ಇಲ್ಲದೆ ಕಾಣಿಸಿಕೊಂಡರು. ನಾನು ಆ ಕೋಟು ತೆಗೆದಿದ್ದರೆ ಸುತ್ತೋಲೆಯೇ ಬೇಕಿರಲಿಲ್ಲ.

ಇನ್ನರ್ಧ ಹಿಂತೆಗೆಯುವುದಿಲ್ಲ. ಎಲ್ಲ ಅನುಕೂಲ ಕೊಟ್ಟ ಮೇಲೂ ಬೇಕಂತಲೇ ಮಾಡದವರು ಇರುತ್ತಾರೆ. ಅವರಿಗೆ ನಿಯಮ ಬೇಕು.

ಸೈಕಲ್_ಸವಾರ
ಇರಲಿ ಸರ್, ಒಪ್ಪಿದೆ. ಆದರೆ ಅನುಕೂಲ ಮೊದಲು, ನಿಯಮ ಆಮೇಲೆ. ನಮ್ಮಲ್ಲಿ ಯಾವಾಗಲೂ ತಿರುಗುಮುರುಗಾಗಿ ನಡೆಯುತ್ತದೆ.

ಎರಡನೇ_ಮಹಡಿ
ಇದನ್ನೆಲ್ಲ ಓದಿಕೊಂಡು ಇವತ್ತು ಮಧ್ಯಾಹ್ನ ಲೋಟದಲ್ಲಿ ಪೆನ್ನು ಇಟ್ಟುಕೊಂಡವರ ಹತ್ತಿರ ಹೋಗಿ ಕೂತೆ, ಬೈಯಲಿಕ್ಕಲ್ಲ, ಕೇಳಲಿಕ್ಕೆ. ಆರು ಜನ ಒಂದೇ ಉತ್ತರ ಕೊಟ್ಟರು: ತೊಳೆಯುವುದು ಎಲ್ಲಿ? ನಮ್ಮ ಮಹಡಿಯಲ್ಲಿ ಸಿಂಕ್ ಇಲ್ಲ. ಶೌಚಾಲಯದ ನಲ್ಲಿಯಲ್ಲಿ ತೊಳೆಯಲು ಅಸಹ್ಯ. ಕೆಳಗೆ ಹೋಗಿ ಬರಲು ಹತ್ತು ನಿಮಿಷ. ಆರು ತಿಂಗಳಲ್ಲಿ ನಾನು ಒಮ್ಮೆಯೂ ಇದನ್ನು ಕೇಳಿರಲಿಲ್ಲ. ಸಿಂಕ್‌ಗೆ ಮನವಿ ಬರೆದು ಕಳಿಸಿದ್ದೇನೆ, ಸ್ಲೀಪ್ ಸೆಟ್ಟಿಂಗ್‌ಗೆ ಐಟಿಯವರು ಒಪ್ಪಿದ್ದಾರೆ. ಪಾರ್ಕಿಂಗ್ ವಿಷಯ ನನ್ನ ಕೈಮೀರಿದ್ದು, ಮುಂದಿನ ಸಭೆಯಲ್ಲಿ ಎತ್ತುತ್ತೇನೆ.

ಸಂಜೆ ಬುಟ್ಟಿಗಳ ಹಿಂದೆಯೇ ಹೋಗಿ ನೋಡಿದೆ. ನಮ್ಮಲ್ಲಿ ಗಾಡಿ ಎರಡಿವೆ. ಆದರೆ ಎರಡಕ್ಕೂ ಒಂದೇ ಕಪ್ಪು ಚೀಲ, ಗಂಟು ಹಾಕಿದ ಮೇಲೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಲಾರಿಯವರು ಒಟ್ಟಿಗೆ ಎಸೆದುಕೊಂಡು ಹೋದರು. ಬೆಳಗಿನ ಪಾಳಿಯವರೇ, ಇದಕ್ಕೇನು ಮಾಡಲಿ?

ಬೆಳಗಿನ_ಪಾಳಿ
ಒಣ ಕಸಕ್ಕೆ ಒಳಗಿನದು ಕಾಣುವಂಥ ಚೀಲ ತರಿಸಿ. ಲಾರಿ ಬರೋ ಹೊತ್ತಿಗೆ ನಿಮ್ಮ ಕಡೆಯಿಂದ ಒಬ್ಬರು ಒಂದು ವಾರ ಅಲ್ಲಿ ನಿಲ್ಲಲಿ, ಚೀಲ ಎಲ್ಲಿಗೆ ಹೋಗುತ್ತೆ ಅಂತ ಲಾರಿಯವರನ್ನೇ ಕೇಳಲಿ. ಮತ್ತೆ ನಿಮ್ಮ ಮುಂದಿನ ಸಭೆಗೆ ನಿಮ್ಮಲ್ಲಿ ಕಸ ಎತ್ತುವವರನ್ನೂ ಕರೀರಿ. ಅವರ ಪಾಳಿ ಮುಗಿಯೋ ಮುಂಚೆ ಇಟ್ಟುಕೊಳ್ಳಿ, ಮುಗಿದ ಮೇಲೆ ಅಂದರೆ ಬಸ್ಸು ತಪ್ಪುತ್ತೆ.