ಪೇರಲ ಸಿಪ್ಪೆಯ ಜೆಲ್ಲಿ ಗಟ್ಟಿಯಾಗಲಿಲ್ಲ, ಮೇಲೆ ಬೂಸ್ಟು ಬೇರೆ

ಪ್ರಶ್ನೆ (ಕೊಪ್ಪಳ):
ನಮಸ್ಕಾರ ಮೇಡಂ. ಮಕ್ಕಳಿಗೆ ಪೇರಲ ಹಣ್ಣು ಹೆಚ್ಚಿಕೊಟ್ಟ ಮೇಲೆ ಉಳಿದ ಸಿಪ್ಪೆ, ಬೀಜದ ತಿರುಳನ್ನು ಕೂಡಿಟ್ಟು ಜೆಲ್ಲಿ ಮಾಡಿದೆ. ಬೇಯಿಸಿ ಬಟ್ಟೆಯಲ್ಲಿ ಹಿಂಡಿ, ಒಂದು ಲೋಟ ರಸಕ್ಕೆ ಅರ್ಧ ಲೋಟ ಸಕ್ಕರೆ ಹಾಕಿ, ಸಣ್ಣ ಉರಿಯಲ್ಲಿ ಒಂದು ಗಂಟೆ ಕುದಿಸಿದೆ. ಪಾನಕದಂತೆಯೇ ಉಳಿಯಿತು. ಹದಿನೈದು ದಿನಕ್ಕೆ ಬೂಸ್ಟು ಹಿಡಿಯಿತು. "ಮೇಲಿನದನ್ನು ತೆಗೆದು ತಿಂದರಾಯಿತು" ಎನ್ನುತ್ತಾರೆ ಅತ್ತೆ. ತಿನ್ನಬಹುದೇ?

ಉತ್ತರ (ಹಣ್ಣು ಸಂಸ್ಕರಣೆ ಕಲಿಸುವವರು):
ಬೇಡಮ್ಮ, ಇಡೀ ಬಾಟಲಿಯನ್ನು ಚೆಲ್ಲಿಬಿಡಿ. ಬೂಸ್ಟಿನ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೆ ಇಳಿದಿರುತ್ತವೆ, ಕೆಲವು ಬಗೆಯವು ವಿಷವನ್ನೂ ಬಿಡುತ್ತವೆ. ಅತ್ತೆಯವರ ಮುಂದೆ ನನ್ನ ಮೇಲೆ ಹಾಕಿ.

ಪೇರಲ ಸಿಪ್ಪೆ, ಬೀಜಗಳಲ್ಲಿ ಪೆಕ್ಟಿನ್ (ಜೆಲ್ಲಿಯನ್ನು ಗಟ್ಟಿಮಾಡುವ ಅಂಶ) ಹೇರಳವಾಗಿದೆ, ಆಯ್ಕೆಯಲ್ಲಿ ತಪ್ಪಿಲ್ಲ. ಆದರೆ ಹುಳಿ ಹಾಕಲಿಲ್ಲ, ಸಕ್ಕರೆ ಅರ್ಧಕ್ಕಿಳಿಸಿದಿರಿ, ಗಂಟೆಗಟ್ಟಲೆ ಕುದಿಸಿ ಇದ್ದ ಪೆಕ್ಟಿನ್ ಕೂಡ ಕೆಡಿಸಿದಿರಿ. ಜೆಲ್ಲಿ ಕೂಡಿಬರಲು ಸಿದ್ಧ ಪಾಕದಲ್ಲಿ ಸಕ್ಕರೆ ನೂರಕ್ಕೆ 65ರಷ್ಟು ಇರಬೇಕು. ಸಕ್ಕರೆ ಬರೀ ಸಿಹಿಗಲ್ಲ, ಕೆಡದಂತೆ ಕಾಯಲೂ ಹೌದು.

ಮುಂದಿನ ಸಲ ಸಿಪ್ಪೆಯ ಜೊತೆ ಒಂದೆರಡು ದೋರೆಗಾಯಿ ಹೆಚ್ಚಿಹಾಕಿ. ತೀರ ಕಳಿತದ್ದರಲ್ಲಿ ಪೆಕ್ಟಿನ್ ಕಡಿಮೆ. ಕೊಳೆತ ಭಾಗ ಬೇಡ. ಮುಳುಗುವಷ್ಟು ನೀರಿನಲ್ಲಿ ಅರ್ಧ ಗಂಟೆ ಬೇಯಿಸಿ, ಹಳೆಯ ಧೋತರದ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ. ತಾನಾಗಿ ತೊಟ್ಟಿಕ್ಕಲಿ, ಹಿಂಡಿದರೆ ಜೆಲ್ಲಿ ಮಬ್ಬಾಗುತ್ತದೆ. ಒಂದು ಲೋಟ ರಸಕ್ಕೆ ಮುಕ್ಕಾಲಿನಿಂದ ಒಂದು ಲೋಟ ಸಕ್ಕರೆ, ಎರಡು ಲೋಟಕ್ಕೆ ಒಂದು ನಿಂಬೆಹಣ್ಣು. ಅಗಲ ಪಾತ್ರೆ, ಜೋರು ಉರಿ. ಪಾಕ ಹದಕ್ಕೆ ಬರುವ ಬಿಸಿ ಸಮುದ್ರಮಟ್ಟದಲ್ಲಿ 105 ಡಿಗ್ರಿ ಸೆಲ್ಸಿಯಸ್ ಎನ್ನುತ್ತಾರೆ. ಕೊಪ್ಪಳದ ಎತ್ತರಕ್ಕೆ 103ರ ಆಸುಪಾಸು ಸಾಕು. ಥರ್ಮಾಮೀಟರ್ ಇಲ್ಲದಿದ್ದರೆ ಚಮಚ ಅದ್ದಿ ಓರೆಮಾಡಿ: ಮೊದಲು ಹನಿಹನಿಯಾಗಿ ಬೀಳುತ್ತದೆ, ಹದ ಬಂದಾಗ ಎರಡು ಹನಿಗಳು ಚಮಚದ ಅಂಚಿನಲ್ಲಿ ಕೂಡಿಕೊಂಡು ಹಾಳೆಯಂತೆ ಕಳಚುತ್ತವೆ. ಆ ಕ್ಷಣವೇ ಇಳಿಸಿ.

10 ನಿಮಿಷ ಕುದಿಸಿದ ಗಾಜಿನ ಬಾಟಲಿಗೆ ಬಿಸಿಬಿಸಿಯಾಗಿಯೇ ತುಂಬಿ ಮುಚ್ಚಳ ಬಿಗಿಯಿರಿ. ನಂತರ ತಳಕ್ಕೆ ಬಟ್ಟೆ ಹಾಸಿದ ಪಾತ್ರೆಯಲ್ಲಿ ಬಾಟಲಿ ಮುಳುಗುವಷ್ಟು ನೀರಿಟ್ಟು ಇನ್ನೊಂದು 10 ನಿಮಿಷ ಕುದಿಸಿ. ಬಟ್ಟೆ ಮರೆತರೆ ಬಾಟಲಿ ಸೀಳುತ್ತದೆ. ನಾನೇ ಮೂರು ಕಳೆದುಕೊಂಡಿದ್ದೇನೆ.

ರಾಯಚೂರಿನಿಂದ ಇನ್ನೊಬ್ಬರು:
ದಾಳಿಂಬೆ ಸಿಪ್ಪೆಯಿಂದಲೂ ಆಗುತ್ತದೆಯೇ? ಉಳಿದ ಬೀನ್ಸ್ ಅನ್ನು ಹೀಗೇ ಬಾಟಲಿಗೆ ತುಂಬಬಹುದೇ?

ಉತ್ತರ:
ದಾಳಿಂಬೆ ಸಿಪ್ಪೆ ಬರೀ ಒಗರು, ಬಿಡಿ. ಬೀನ್ಸ್ ಅಂತೂ ಖಂಡಿತ ಬೇಡ. ಹುಳಿಯಿಲ್ಲದ ತರಕಾರಿಯಲ್ಲಿ, ಅಂದರೆ ಪಿಎಚ್ (ಹುಳಿಯ ಅಳತೆ, ಹುಳಿ ಕಡಿಮೆಯಾದಷ್ಟು ಅಂಕಿ ಹೆಚ್ಚು) 4.6ಕ್ಕಿಂತ ಮೇಲಿದ್ದರೆ, ಬೊಟುಲಿಸಂ ಎಂಬ ಪ್ರಾಣಾಂತಕ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಗಾಳಿಯಿಲ್ಲದ ಬಾಟಲಿಯೊಳಗೆ ಬೆಳೆಯುತ್ತದೆ. ಅದರ ಬೀಜಾಣು ಕುದಿಯುವ ನೀರಿಗೂ ಜಗ್ಗುವುದಿಲ್ಲ. ವಾಸನೆಯಲ್ಲಿ ಗೊತ್ತಾಗದೆಯೂ ಇರಬಹುದು. ಅದಕ್ಕೆ ಬೇರೆಯದೇ ಒತ್ತಡದ ಪಾತ್ರೆ ಬೇಕು, ಸೀಟಿ ಕುಕ್ಕರ್ ಸಾಲದು. ಬಳ್ಳಾರಿಯ ಅಂಜೂರಕ್ಕೂ ಹುಳಿ ಕಡಿಮೆ. ಜಾಮ್ ಮಾಡುವವರು ನಿಂಬೆರಸ ಮರೆಯಬಾರದು.

ಪ್ರಶ್ನೆ ಕೇಳಿದವರು:
ಬಟ್ಟೆಯಲ್ಲಿ ಉಳಿಯುವ ಗಸಿ ಏನು ಮಾಡಲಿ ಮೇಡಂ?

ಉತ್ತರ:
ಜರಡಿಯಲ್ಲಿ ಉಜ್ಜಿ ಬೀಜ ಬೇರ್ಪಡಿಸಿ, ಸಕ್ಕರೆ ಸೇರಿಸಿ ತಳ ಬಿಡುವವರೆಗೆ ತಿರುವಿ, ತುಪ್ಪ ಸವರಿದ ತಟ್ಟೆಗೆ ಹರಡಿ. ಮೊದಲ ತುಂಡು ಅತ್ತೆಯವರಿಗೆ.